ಹಳೇ ಕಾರಿನ ಕಂಪನಿ ಸ್ಟೀರಿಯೋಗೆ ಫೋನು, ಐಪಾಡು ಜೋಡಿಸೋಕೆ ಯಾವ ದಾರಿ ಒಳ್ಳೇದು?

ಏನನ್ನೂ ಆರ್ಡರ್ ಮಾಡುವ ಮೊದಲು ಕಾರಿನಲ್ಲಿ ಹೋಗಿ ಕೂತು ಸ್ಟೀರಿಯೋದ ಮುಖವನ್ನು ಒಂದು ಸಲ ಸರಿಯಾಗಿ ನೋಡಿ. ಸೆಕೆಂಡ್ ಹ್ಯಾಂಡ್ ಕಾರು ತೆಗೆದುಕೊಂಡ ಎಷ್ಟೋ ಜನರಿಗೆ ತಮ್ಮ ಕಾರಿನಲ್ಲಿ ಆಕ್ಸ್ ತೂತು (ಫೋನಿನಿಂದ ಬರುವ ಹಾಡಿನ ವೈರು ಚುಚ್ಚುವ ದುಂಡನೆಯ ತೂತು) ಇದೆ ಅನ್ನೋದೇ ಗೊತ್ತಿರುವುದಿಲ್ಲ. ಅದು ಸೆಟ್ಟಿನ ಮುಖದ ಮೇಲೇ ಇರಬೇಕು ಅಂತೇನಿಲ್ಲ. ಗ್ಲೋವ್ ಬಾಕ್ಸ್ ಒಳಗೆ, ಹ್ಯಾಂಡ್‌ಬ್ರೇಕ್ ಹಿಂದಿನ ಡಬ್ಬಿಯಲ್ಲಿ, ಗೇರ್ ಲಿವರ್ ಮುಂದಿನ ಗೂಡಿನಲ್ಲಿ, ಸಿಗರೇಟ್ ಸಾಕೆಟ್ ಪಕ್ಕದ ಪುಟ್ಟ ರಬ್ಬರ್ ಮುಚ್ಚಳದ ಕೆಳಗೆ, ಎಲ್ಲಿ ಬೇಕಾದರೂ ಇರಬಹುದು. ತೂತು ಸಿಗದಿದ್ದರೆ ಸೆಟ್ಟಿನ ಗುಂಡಿಗಳನ್ನು ನೋಡಿ. ಸಿಡಿ ಗುಂಡಿಯ ಜೊತೆಗೆ ‘ಸಿಡಿ-ಸಿ’ ಅಥವಾ ‘ಚೇಂಜರ್’ ಅಂತ ಇನ್ನೊಂದು ಗುಂಡಿ ಇದೆಯಾ? ಕ್ಯಾಸೆಟ್ ಬಾಯಿ ಇದೆಯಾ? ಸಿಡಿ ಬಾಯಿಯ ಹತ್ತಿರ ‘ಎಂಪಿ3’ ಅಂತ ಬರೆದಿದೆಯಾ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ನಾನು ಇಲ್ಲಿ ಮಾತಾಡುತ್ತಿರುವುದು ಕಂಪನಿಯಿಂದಲೇ ಸೆಟ್ ಬಂದ ಕಾರುಗಳ ಬಗ್ಗೆ. ಮೊದಲ ತಲೆಮಾರಿನ ಆಕ್ಟೇವಿಯಾ, ಹಳೇ ಕೊರೊಲ್ಲಾ, ಅಕಾರ್ಡ್, ಸಿವಿಕ್, ಈ ಥರದವು. ಮಾರುತಿ 800, ಹಳೇ ಆಲ್ಟೊ, ಮೊದಲ ಸ್ಯಾಂಟ್ರೊ ಇಟ್ಟುಕೊಂಡವರಿಗೆ ಈ ತಲೆನೋವೇ ಇಲ್ಲ. ಅವುಗಳಲ್ಲಿ ಸೆಟ್ ಹಾಕಿಸಿದ್ದು ಬಹುತೇಕ ಡೀಲರೋ ಅಂಗಡಿಯವನೋ. ಹಳೇದು ತೆಗೆದು ಹೊಸದು ಹಾಕಿದರೆ ಆಯಿತು. ಕಂಪನಿ ಸೆಟ್ ಹಾಗಲ್ಲ. ಡ್ಯಾಶ್‌ಬೋರ್ಡಿನ ಆಕಾರಕ್ಕೆ ಅಚ್ಚು ಹೊಯ್ದು ಕೂರಿಸಿರುತ್ತಾರೆ. ಸ್ಟೀರಿಂಗ್ ಮೇಲಿನ ಗುಂಡಿಗಳು ಅದಕ್ಕೇ ಜೋಡಿಸಿರುತ್ತವೆ, ಕೆಲವು ಕಾರುಗಳಲ್ಲಿ ಗಡಿಯಾರವೂ ಅದರ ಪರದೆಯಲ್ಲೇ ಇರುತ್ತದೆ. ಕಿತ್ತರೆ ದೊಡ್ಡ ತೂತು, ಅದರ ಸುತ್ತ ಹೊಂದದ ಪ್ಲಾಸ್ಟಿಕ್ ಫ್ರೇಮು. ಹಾಗಾಗಿ ಸೆಟ್ ಉಳಿಸಿಕೊಂಡೇ ಏನಾದರೂ ಮಾಡೋಣ ಅನ್ನಿಸುವುದು ಸಹಜ.

ಯಾವ ದಾರಿ ಹಿಡಿದರೂ ಒಂದು ವಿಷಯ ನೆನಪಿರಲಿ. ಹಾಡು ತಂತಿಯಲ್ಲಿ ಹೋದಷ್ಟೂ ಒಳ್ಳೇದು, ಗಾಳಿಯಲ್ಲಿ ಹೋದಷ್ಟೂ ಕಷ್ಟ. ಅಂಗಡಿಯಲ್ಲಿ ಮೊದಲು ಕೈಗೆ ಕೊಡುವುದು ಎಫ್‌ಎಂ ಟ್ರಾನ್ಸ್‌ಮಿಟರ್, ಅಂದರೆ ಫೋನಿನ ಹಾಡನ್ನು ಪುಟ್ಟ ರೇಡಿಯೋ ಸ್ಟೇಷನ್ನಿನ ಥರ ಕಾರಿನ ರೇಡಿಯೋಗೆ ಕಳಿಸುವ ಡಬ್ಬಿ. ನನ್ನ ಪಟ್ಟಿಯಲ್ಲಿ ಅದು ಕಟ್ಟಕಡೆಗೆ ಬರುತ್ತದೆ.

ಆಕ್ಸ್ ಇದ್ದರೆ

ಆಕ್ಸ್ ಇದ್ದರೆ ಬೇರೆ ಏನೂ ಯೋಚಿಸಬೇಡಿ. ಎರಡೂ ಕಡೆ 3.5 ಎಂಎಂ ಪಿನ್ ಇರುವ ಒಂದು ವೈರು, ನೂರೈವತ್ತು ಇನ್ನೂರು ರೂಪಾಯಿ, ಮುಗಿಯಿತು. ಚಿನ್ನದ ಲೇಪ, ಆಮ್ಲಜನಕ ಇಲ್ಲದ ತಾಮ್ರ ಅಂತ ಸಾವಿರ ರೂಪಾಯಿ ಕೇಳುವ ವೈರುಗಳ ಕಡೆ ತಲೆ ಹಾಕಬೇಡಿ. ಟೈರಿನ ಸದ್ದು, ಎಂಜಿನ್ ಸದ್ದು, ಪಕ್ಕದ ಬಿಎಂಟಿಸಿ ಬಸ್ಸಿನ ಹಾರ್ನ್, ಇವುಗಳ ನಡುವೆ ಆ ವ್ಯತ್ಯಾಸ ಯಾರಿಗೂ ಕೇಳಿಸುವುದಿಲ್ಲ.

ಆದರೆ ಪಿನ್ ಮೇಲಿನ ಕಪ್ಪು ಗೆರೆಗಳನ್ನು ನೋಡಿ. ಎರಡು ಗೆರೆ ಇದ್ದರೆ ಮಾಮೂಲಿ ಸ್ಟೀರಿಯೋ ಪಿನ್. ಮೂರು ಇದ್ದರೆ ಮೈಕ್ ಸಮೇತದ್ದು. ಕೆಲವು ಕಾರುಗಳ ತೂತಿನಲ್ಲಿ ಮೂರು ಗೆರೆಯ ಪಿನ್ ಹಾಕಿದಾಗ ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ) ಸರಿಯಾಗಿ ತಾಗುವುದಿಲ್ಲ. ಆಗ ಒಂದು ವಿಚಿತ್ರ ಆಗುತ್ತದೆ: ತಬಲ, ವಯಲಿನ್ ಎಲ್ಲ ಕೇಳುತ್ತದೆ, ಹಾಡುವವರ ದನಿ ಮಾತ್ರ ಬಾವಿಯೊಳಗೆ ಹೋದಂತೆ ಮಾಯ. ಎಡ ಬಲ ಎರಡರಲ್ಲೂ ಸಮವಾಗಿರುವ ದನಿ ಒಂದನ್ನೊಂದು ಹೊಡೆದುಹಾಕಿ, ಎರಡರ ನಡುವಿನ ವ್ಯತ್ಯಾಸ ಮಾತ್ರ ಉಳಿಯುವುದರಿಂದ ಹೀಗಾಗುತ್ತದೆ. ಸ್ಪೀಕರ್ ಹೋಯಿತು ಅಂತ ಗಾಬರಿಯಾಗಿ ಮೆಕ್ಯಾನಿಕ್ ಹತ್ತಿರ ಓಡಬೇಡಿ. ಪಿನ್ ಒಂದೆರಡು ಮಿಲಿಮೀಟರ್ ಹೊರಗೆಳೆದು ನೋಡಿ. ದನಿ ವಾಪಸ್ ಬಂದರೆ ಎರಡು ಗೆರೆಯ ವೈರು ತನ್ನಿ.

ವಾಲ್ಯೂಮ್ ವಿಷಯದಲ್ಲೂ ಜನ ಎಡವುತ್ತಾರೆ. ಫೋನಿನಲ್ಲಿ ಅರ್ಧ ಇಟ್ಟು ಕಾರಿನಲ್ಲಿ ಪೂರ್ತಿ ಏರಿಸಿದರೆ ಹಿಂದಿನ ಗೊರಗೊರವೂ ಏರುತ್ತದೆ. ಫೋನನ್ನು ನೂರಕ್ಕೆ ಎಂಬತ್ತು ತೊಂಬತ್ತರಲ್ಲಿ ಇಟ್ಟು, ಮಿಕ್ಕಿದ್ದನ್ನು ಕಾರಿನ ಗುಂಡಿಯಲ್ಲಿ ಮಾಡಿ. ಪೂರ್ತಿ ನೂರಕ್ಕೆ ಇಟ್ಟರೆ ಕೆಲವು ಫೋನುಗಳಲ್ಲಿ ಸೌಂಡ್ ಒಡೆಯುತ್ತದೆ, ಅದಕ್ಕೇ ಸ್ವಲ್ಪ ಕಡಿಮೆ ಅಂದೆ. ಹಳೇ ಐಪಾಡ್ ಇನ್ನೂ ಇಟ್ಟುಕೊಂಡಿರುವವರಿಗೆ ಇನ್ನೊಂದು ಅನುಕೂಲ ಇದೆ. ಐಪಾಡ್ ತಯಾರಿಕೆಯನ್ನೇ ಆಪಲ್ 2022ರಲ್ಲಿ ನಿಲ್ಲಿಸಿತು, ಆದರೆ ಸಂಗೀತ ಕಚೇರಿಗಳ ರೆಕಾರ್ಡಿಂಗ್ ಎಲ್ಲ ಅದರಲ್ಲೇ ತುಂಬಿಟ್ಟವರು ಅದನ್ನು ಬಿಟ್ಟಿಲ್ಲ. ಅದರ ಕೆಳಗಿನ ಅಗಲವಾದ 30 ಪಿನ್ ಬಾಯಿಯಿಂದ ಲೈನ್ ಔಟ್ ತೆಗೆಯುವ ವೈರು ಸಿಗುತ್ತದೆ. ಹೆಡ್‌ಫೋನ್ ತೂತಿನ ವಾಲ್ಯೂಮ್ ಕಾಟವೇ ಇಲ್ಲದೆ ನೇರವಾಗಿ ಸಿಗ್ನಲ್ ಬರುತ್ತದೆ. ಸೌಂಡ್ ಕೇಳಿದರೆ ನಿಮಗೇ ಗೊತ್ತಾಗುತ್ತದೆ.

ಈಗಿನ ಫೋನುಗಳಲ್ಲಿ ಹೆಡ್‌ಫೋನ್ ತೂತೇ ಇಲ್ಲವಲ್ಲ ಅಂತೀರಾ. ಐಫೋನ್ 7ರಿಂದ, ಅಂದರೆ 2016ರಿಂದ ಶುರುವಾದ ಕಾಯಿಲೆ ಅದು. ಫೋನಿನ ಚಾರ್ಜಿಂಗ್ ಬಾಯಿಗೆ ಚುಚ್ಚಿ ಹೆಡ್‌ಫೋನ್ ತೂತು ಕೊಡುವ ಟೈಪ್-ಸಿ ಡಾಂಗಲ್ ತೆಗೆದುಕೊಳ್ಳುವಾಗ ಒಳಗೆ ಡಿಎಸಿ ಚಿಪ್ (ಡಿಜಿಟಲ್ ಹಾಡನ್ನು ಸೌಂಡ್ ಸಿಗ್ನಲ್ ಮಾಡುವ ಚಿಪ್) ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಬರೀ ವೈರು ಇರುವ ಅಗ್ಗದ ಡಾಂಗಲ್ ಕೆಲವೇ ಫೋನುಗಳಲ್ಲಿ ನಡೆಯುತ್ತದೆ, ಉಳಿದವುಗಳಲ್ಲಿ ಸುಮ್ನೆ ಕೂರುತ್ತದೆ.

ಇನ್ನು ಆ ‘ಸುಂಯ್’ ಸದ್ದು. ಆಕ್ಸ್ ವೈರು ಹಾಕಿ, ಫೋನನ್ನು ಕಾರಿನ ಸಾಕೆಟ್ಟಿಗೇ ಚಾರ್ಜ್‌ಗೆ ಹಾಕಿದ ತಕ್ಷಣ ಹಾಡಿನ ಹಿಂದೆ ಒಂದು ಸಣ್ಣ ಸೀಟಿ ಶುರುವಾಗುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದರ ಶ್ರುತಿಯೂ ಏರುತ್ತದೆ! ಇದು ಆಲ್ಟರ್ನೇಟರಿನ ಸದ್ದು. ಫೋನಿಗೆ ಆಕ್ಸ್ ಕಡೆಯಿಂದ ಒಂದು ಗ್ರೌಂಡ್, ಚಾರ್ಜರ್ ಕಡೆಯಿಂದ ಇನ್ನೊಂದು ಗ್ರೌಂಡ್ ಸಿಕ್ಕಿ ಸುತ್ತು ಬಿದ್ದಾಗ ಹೀಗಾಗುತ್ತದೆ. ಚಾರ್ಜರ್ ಕಿತ್ತು ನೋಡಿ. ಸದ್ದು ಹೋದರೆ ಕಾರಣ ಇದೇ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಬೆರಳುದ್ದದ ಡಬ್ಬಿ ಸಿಗುತ್ತದೆ, ಇನ್ನೂರರಿಂದ ಐನೂರು ರೂಪಾಯಿ ಒಳಗೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಬಿಟ್ಟರೆ ಏನಿಲ್ಲ. ಆಕ್ಸ್ ವೈರಿನ ಮಧ್ಯೆ ಅದನ್ನು ಸೇರಿಸಿದರೆ ಸೀಟಿ ಹೋಗುತ್ತದೆ. ತೀರಾ ಅಗ್ಗದ್ದಾದರೆ ಬೇಸ್ ಸ್ವಲ್ಪ ತೆಳುವಾಗುತ್ತದೆ. ದುಡ್ಡು ಖರ್ಚು ಮಾಡದೆ ಆಗಬೇಕು ಅಂದರೆ ಫೋನನ್ನು ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿ, ಸೀಟಿ ಬರುವುದೇ ಇಲ್ಲ.

ಆಕ್ಸ್ ಇದೆ, ಆದರೆ ವೈರು ಬೇಡ ಅನ್ನುವವರಿಗೆ ಬ್ಲೂಟೂತ್ ರಿಸೀವರ್. ಆಕ್ಸ್ ತೂತಿಗೆ ಚುಚ್ಚಿದರೆ ಫೋನ್ ಅದರ ಜೊತೆ ಮಾತಾಡುತ್ತದೆ, ಜೊತೆಗೆ ಕರೆಯೂ ಸ್ಪೀಕರಿನಲ್ಲಿ ಬರುತ್ತದೆ. ಇದರಲ್ಲಿ ಎರಡು ಜಾತಿ. ಒಳಗೆ ಬ್ಯಾಟರಿ ಇರುವುದು ಒಂದು, ಯುಎಸ್‌ಬಿಯಿಂದ ಕರೆಂಟ್ ತೆಗೆದುಕೊಳ್ಳುವುದು ಇನ್ನೊಂದು. ಬ್ಯಾಟರಿಯದ್ದರಲ್ಲಿ ಸುಂಯ್ ಸದ್ದು ಬರುವುದಿಲ್ಲ, ಆದರೆ ಆಗಾಗ ಚಾರ್ಜ್ ಮಾಡಬೇಕು. ಮಳೆಗಾಲದಲ್ಲಿ ಆಗುಂಬೆ ಘಾಟಿ ಹತ್ತುತ್ತಿರುವಾಗಲೇ ಅದು ಸಾಯುವುದು. ಯುಎಸ್‌ಬಿಯದ್ದು ಕಾರು ಸ್ಟಾರ್ಟ್ ಮಾಡಿದಾಗ ತಾನೇ ಎದ್ದು ಫೋನ್ ಹಿಡಿದುಕೊಳ್ಳುತ್ತದೆ. ದಿನಾ ಓಡಿಸುವವರಿಗೆ ಇದೇ ಸರಿ, ಬೇಕಿದ್ದರೆ ಐಸೊಲೇಟರ್ ಸೇರಿಸಿಕೊಳ್ಳಿ. ಕೀಲಿ ತೆಗೆದ ಮೇಲೂ ಸಾಕೆಟ್ಟಿನಲ್ಲಿ ಕರೆಂಟ್ ಇರುವ ಕಾರಾದರೆ ಮಾತ್ರ ಇಳಿಯುವಾಗ ಕಿತ್ತಿಡಿ, ಇಲ್ಲದಿದ್ದರೆ ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ.

ಇಲ್ಲೊಂದು ಮೋಸ ಇದೆ, ಮೋಸ ಅನ್ನುವುದಕ್ಕಿಂತ ಗೊಂದಲ. ಪೆನ್‌ಡ್ರೈವ್ ಥರ ಕಾಣುವ ‘ಯುಎಸ್‌ಬಿ ಬ್ಲೂಟೂತ್’ ಅಂತ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಆನ್‌ಲೈನಿನಲ್ಲೂ ಅಗ್ಗಕ್ಕೆ ಸಿಗುತ್ತದೆ. ಕಾರಿನಲ್ಲಿ ಯುಎಸ್‌ಬಿ ಇದೆಯಲ್ಲ, ಚುಚ್ಚಿದರೆ ಹಾಡು ಬರುತ್ತದೆ ಅಂದುಕೊಂಡು ತರುತ್ತಾರೆ. ಅಂಥವುಗಳಲ್ಲಿ ಹೆಚ್ಚಿನವು ಯುಎಸ್‌ಬಿಯಿಂದ ತೆಗೆದುಕೊಳ್ಳುವುದು ಬರೀ ಕರೆಂಟ್. ಹಾಡು ಹೊರಗೆ ಬರುವುದು ಅದರ ಹಿಂದಿನ 3.5 ಎಂಎಂ ತೂತಿನಿಂದ. ಅಂದರೆ ಆಕ್ಸ್ ಬೇಕೇ ಬೇಕು.

ಕ್ಯಾಸೆಟ್ ಬಾಯಿ ಇದ್ದವರೇ ಪುಣ್ಯವಂತರು

ನಗಬೇಡಿ. ಆಕ್ಸ್ ಇಲ್ಲದ ಹಳೇ ಸೆಟ್ಟುಗಳಲ್ಲಿ ಕ್ಯಾಸೆಟ್ ಇರುವುದು ಸಿಡಿ ಮಾತ್ರ ಇರುವುದಕ್ಕಿಂತ ಎಷ್ಟೋ ವಾಸಿ. ಕ್ಯಾಸೆಟ್ ಅಡಾಪ್ಟರ್ ಅಂದರೆ ಟೇಪ್ ಇಲ್ಲದ ಖಾಲಿ ಕ್ಯಾಸೆಟ್, ಅದರಿಂದ ಒಂದು ವೈರು ಹೊರಗೆ. ಟೇಪ್ ಇರಬೇಕಾದ ಜಾಗದಲ್ಲಿ ಒಂದು ಪುಟ್ಟ ಹೆಡ್ ಇರುತ್ತದೆ. ಫೋನಿನ ಸಿಗ್ನಲ್ಲನ್ನು ಅದು ಕಾಂತಕ್ಷೇತ್ರವಾಗಿ ಮಾಡಿ ಸೆಟ್ಟಿನ ಹೆಡ್ಡಿಗೆ ನೇರವಾಗಿ ದಾಟಿಸುತ್ತದೆ. ನಡುವೆ ರೇಡಿಯೋ ಇಲ್ಲ, ಸ್ಟೇಷನ್ ಹುಡುಕಾಟ ಇಲ್ಲ. ಬೆಂಗಳೂರಿನಿಂದ ಬೀದರ್‌ವರೆಗೂ ಒಂದೇ ಸೌಂಡ್.

ಹಾಗಂತ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಆಟೋ ರಿವರ್ಸ್ ಇರುವ ಸೆಟ್ಟುಗಳು ಟೇಪ್ ತಿರುಗುತ್ತಿದೆಯಾ ಅಂತ ನೋಡುತ್ತಿರುತ್ತವೆ. ಅಡಾಪ್ಟರಿನ ಒಳಗಿನ ಹಲ್ಲುಚಕ್ರಗಳು ಸರಿಯಾಗಿ ತಿರುಗದಿದ್ದರೆ ಟೇಪ್ ಮುಗಿಯಿತು ಅಂದುಕೊಂಡು ಆ ಕಡೆ ಈ ಕಡೆ ಮಗುಚುತ್ತಲೇ ಇರುತ್ತವೆ, ಇಲ್ಲವೇ ಹೊರಗೆ ಉಗುಳುತ್ತವೆ. ಒಂದು ಬ್ರಾಂಡ್ ಉಗುಳಿದರೆ ಇನ್ನೊಂದು ನಡೆಯಬಹುದು, ಆದ್ದರಿಂದ ವಾಪಸ್ ಕೊಡಲು ಆಗುವ ಕಡೆಯೇ ಕೊಳ್ಳಿ. ವೈರು ಹೊರಬರುವ ಜಾಗವನ್ನೂ ನೋಡಿ. ಕೆಲವು ಸೆಟ್ಟುಗಳು ಕ್ಯಾಸೆಟ್ಟನ್ನು ಅಡ್ಡಡ್ಡ ನುಂಗುತ್ತವೆ, ಕೆಲವು ಉದ್ದುದ್ದ. ವೈರು ತಪ್ಪು ಅಂಚಿನಲ್ಲಿದ್ದರೆ ಬಾಯಿ ಮುಚ್ಚುವುದಿಲ್ಲ.

ಹಾಕಿದ ಮೇಲೆ ಸೌಂಡ್ ಮಂಕಾಗಿ, ಕಂಬಳಿ ಹೊದ್ದ ಹಾಗಿದ್ದರೆ ಮೊದಲು ಡಾಲ್ಬಿ ಗುಂಡಿ ಆಫ್ ಮಾಡಿ. ಅದು ಡಾಲ್ಬಿಯಲ್ಲಿ ರೆಕಾರ್ಡ್ ಆದ ಟೇಪಿಗೆ ಮಾತ್ರ. ನಿಮ್ಮ ಫೋನಿನ ಹಾಡಿಗೆ ಹಾಕಿದರೆ ಮೇಲಿನ ಸ್ವರಗಳನ್ನೆಲ್ಲ ತಿಂದುಹಾಕುತ್ತದೆ. ಆಮೇಲೂ ಮಂಕಾಗಿದ್ದರೆ ಸೆಟ್ಟಿನ ಹೆಡ್ ಕೊಳೆಯಾಗಿದೆ. ಕಿವಿ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಮೆಲ್ಲಗೆ ಒರೆಸಿ. ಕಂದು ಬಣ್ಣದ ಗಲೀಜು ಬರುತ್ತದೆ ನೋಡಿ, ಅದೆಲ್ಲ ಹಳೇ ಟೇಪುಗಳ ಪುಡಿ. ಒಳಗಿನ ರಬ್ಬರ್ ಬೆಲ್ಟೇ ಕರಗಿ ಹೋಗಿದ್ದರೆ ಮಾತ್ರ ಅಡಾಪ್ಟರ್ ನಡೆಯುವುದಿಲ್ಲ, ಬೆಲ್ಟ್ ಬದಲಿಸುವ ಹಳೇ ರಿಪೇರಿಯವರು ಯಾರಾದರೂ ನಿಮ್ಮೂರಲ್ಲಿದ್ದರೆ ಸರಿ.

ಅಮೆರಿಕದಲ್ಲಿ ಓದಲು ಹೋದ ನಮ್ಮ ಹುಡುಗರು ಕೈಗೆಟಕುವ ಬೆಲೆಗೆ ಅಂತ ಹಳೇ ಕ್ಯಾಮ್ರಿ, ಕೊರೊಲ್ಲಾ ತೆಗೆದುಕೊಳ್ಳುತ್ತಾರಲ್ಲ, ಅವುಗಳಲ್ಲಿ ಕ್ಯಾಸೆಟ್ ಬಾಯಿ ಇರುವುದು ಇನ್ನೂ ಕಾಣುತ್ತದೆ. ಅವರಿಗೂ ಇದೇ ಸಲಹೆ.

ಸಿಡಿ ಮಾತ್ರ ಇದ್ದರೆ

ಇದೇ ಎಲ್ಲಕ್ಕಿಂತ ಕಷ್ಟದ ಗುಂಪು. 2000ದಿಂದ 2008ರ ನಡುವಿನ ದುಬಾರಿ ಕಾರುಗಳಲ್ಲಿ ಇಂಥವೇ ಜಾಸ್ತಿ. ಕಾಸು ಕಡಿಮೆ ಖರ್ಚಾಗಬೇಕು ಅಂದರೆ ಎಂಪಿ3 ಸಿಡಿ ಬರೆದುಕೊಳ್ಳಿ. 700 ಎಂಬಿ ಸಿಡಿಯಲ್ಲಿ 128 ಕೆಬಿಪಿಎಸ್ ಹಾಡುಗಳು ಸುಮಾರು ಹನ್ನೆರಡು ಗಂಟೆ ಹಿಡಿಸುತ್ತವೆ, ಬೆಂಗಳೂರು–ಮಂಗಳೂರು ಹೋಗಿ ಹೆಚ್ಚುಕಮ್ಮಿ ಬರುವಷ್ಟು. ಸಿಡಿ-ಆರ್ ತನ್ನಿ, ಆರ್‌ಡಬ್ಲ್ಯೂ ಬೇಡ, ಹಳೇ ಲೆನ್ಸುಗಳು ಅದನ್ನು ಓದಲು ಒದ್ದಾಡುತ್ತವೆ. ಆದರೆ ಸೆಟ್ ಎಂಪಿ3 ಓದಬೇಕು, ನಿಮ್ಮ ಹತ್ತಿರ ಸಿಡಿ ಬರೆಯುವ ಕಂಪ್ಯೂಟರ್ ಇರಬೇಕು. ಇದರಲ್ಲಿ ಫೋನು, ಐಪಾಡು ಯಾವುದೂ ಸೇರುವುದಿಲ್ಲ ಅನ್ನುವುದು ಬೇರೆ ಮಾತು.

ಸರಿಯಾದ ದಾರಿ ಇನ್ನೊಂದಿದೆ, ಅದು ಯಾಕೋ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಆ ಕಾಲದ ಸೆಟ್ಟುಗಳಿಗೆ ಡಿಕ್ಕಿಯಲ್ಲೋ ಸೀಟಿನ ಕೆಳಗೋ ಆರು ಸಿಡಿ ಹಿಡಿಯುವ ಚೇಂಜರ್ ಜೋಡಿಸುವ ವ್ಯವಸ್ಥೆ ಇತ್ತು. ಬಹುತೇಕ ಯಾರೂ ಚೇಂಜರ್ ಕೊಳ್ಳಲಿಲ್ಲ. ಆದರೆ ಸೆಟ್ಟಿನ ಬೆನ್ನಿನಲ್ಲಿ ಅದರ ಸಾಕೆಟ್ ಇಂದಿಗೂ ಖಾಲಿ ಕೂತಿದೆ. ಅಲ್ಲಿಗೆ ಸುಮ್ನೆ ಎರಡು ಆಡಿಯೋ ವೈರು ಸೇರಿಸಿದರೆ ಆಗುವುದಿಲ್ಲವೇ? ಸಾಮಾನ್ಯವಾಗಿ ಆಗುವುದಿಲ್ಲ. ‘ನಾನು ಚೇಂಜರ್, ಇಲ್ಲಿದ್ದೇನೆ’ ಅನ್ನುವ ಡಿಜಿಟಲ್ ಉತ್ತರ ಬರುವವರೆಗೂ ಸೆಟ್ ಆ ಬಾಗಿಲು ತೆರೆಯುವುದಿಲ್ಲ, ಪರದೆಯ ಮೇಲೆ ಚೇಂಜರ್ ಇಲ್ಲ ಅಂತ ತೋರಿಸಿ ಸುಮ್ಮನಾಗುತ್ತದೆ. ಬಾರದ ನೆಂಟನ ದನಿಯಲ್ಲಿ ಮಾತಾಡಿ ಬಾಗಿಲು ತೆರೆಸುವ ಡಬ್ಬಿಯೇ ಚೇಂಜರ್ ಎಮ್ಯುಲೇಟರ್. ಯಾಟೂರ್, ಗ್ರಾಮ್ ಅನ್ನುವ ಬ್ರಾಂಡುಗಳು ಇದಕ್ಕೇ ಹೆಸರಾದವು. ಅದರ ಇನ್ನೊಂದು ತುದಿಯಲ್ಲಿ ಆಕ್ಸ್, ಯುಎಸ್‌ಬಿ, ಎಸ್‌ಡಿ ಕಾರ್ಡು, ಮಾದರಿಯ ಮೇಲೆ ಬ್ಲೂಟೂತ್ ಇರುತ್ತದೆ.

ಇದರ ಚೆಂದ ಏನು ಅಂದರೆ ಒಂದು ವೈರನ್ನೂ ಕತ್ತರಿಸಬೇಕಿಲ್ಲ. ಕಪ್ಲರಿಗೆ (ಒಂದಕ್ಕೊಂದು ಚುಚ್ಚುವ ಪ್ಲಗ್ಗಿಗೆ) ಕಪ್ಲರ್, ಅಷ್ಟೇ. ಯುಎಸ್‌ಬಿಯಿಂದ ಹಾಡುವಾಗ ಸ್ಟೀರಿಂಗ್ ಮೇಲಿನ ಗುಂಡಿಯಿಂದಲೇ ಮುಂದಿನ ಹಾಡಿಗೆ ಹೋಗಬಹುದು, ಯಾಕೆಂದರೆ ಸೆಟ್ಟಿನ ಲೆಕ್ಕದಲ್ಲಿ ನೀವು ಸಿಡಿಯನ್ನೇ ಕೇಳುತ್ತಿದ್ದೀರಿ. ಸೌಂಡ್ ಆಕ್ಸ್‌ಗೆ ಸಮ. ತೊಂದರೆ ಎಂದರೆ ಬೆಲೆ ಕೆಲವು ಸಾವಿರ ಆಗುತ್ತದೆ, ಮತ್ತು ನಿಮ್ಮ ಕಾರಿಗೆ ಸರಿಯಾದ ಸಾಕೆಟ್ಟಿನದೇ ತರಿಸಬೇಕು. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಹಳೇ ಸೆಟ್ಟುಗಳಲ್ಲಿ 8 ಪಿನ್, ಆಮೇಲಿನವುಗಳಲ್ಲಿ 12 ಪಿನ್. ಟೊಯೊಟಾದಲ್ಲಿ 5+7 ಮತ್ತು 6+6 ಅಂತ ಎರಡು ಥರ. ಕಾರಿನ ಹೆಸರು, ವರ್ಷ ನೋಡಿ ಆರ್ಡರ್ ಮಾಡಬೇಡಿ. ಸೆಟ್ ಹೊರಗೆ ತೆಗೆದು ಬೆನ್ನಿನ ಫೋಟೋ ಹೊಡೆದುಕೊಂಡು, ಅದನ್ನು ಮಾರುವವರ ಫೋಟೋ ಜೊತೆ ಹೋಲಿಸಿ ನೋಡಿ.

ಸೆಟ್ ತೆಗೆಯುವ ಮೊದಲು ಕೋಡ್ ಹುಡುಕಿಟ್ಟುಕೊಳ್ಳಿ. ಇದನ್ನು ದಪ್ಪ ಅಕ್ಷರದಲ್ಲಿ ಓದಿ. ಆ ಕಾಲದ ಎಷ್ಟೋ ಕಂಪನಿ ಸೆಟ್ಟುಗಳಿಗೆ ಕಳ್ಳತನ ತಡೆಯಲು ಕೋಡ್ ಇರುತ್ತದೆ. ಕರೆಂಟ್ ತಪ್ಪಿ ಮತ್ತೆ ಬಂದರೆ ಹೋಂಡಾದಲ್ಲಿ ‘ಕೋಡ್’ ಅಂತ, ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳಲ್ಲಿ ‘ಸೇಫ್’ ಅಂತ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತದೆ. ಕೋಡ್ ಸಾಮಾನ್ಯವಾಗಿ ಮೊದಲ ಮಾಲೀಕರಿಗೆ ಕೊಟ್ಟ ಕಾರ್ಡಿನಲ್ಲಿ, ಸರ್ವಿಸ್ ಪುಸ್ತಕದ ನಡುವೆ ಇರುತ್ತದೆ. ಸಿಗದಿದ್ದರೆ ಮೊದಲು ಡೀಲರ್ ಹತ್ತಿರ ಅದನ್ನು ತೆಗೆಸಿಕೊಂಡು ಆಮೇಲೆ ಸ್ಕ್ರೂಡ್ರೈವರ್ ಮುಟ್ಟಿ.

ಯುಎಸ್‌ಬಿ ಇರುವ ಸೆಟ್ಟುಗಳು

2008ರ ಕೊನೆಗೆ ಬಂದ ಹೋಂಡಾ ಸಿಟಿಯಲ್ಲಿ ಸಿಡಿ ಪ್ಲೇಯರೇ ಇರಲಿಲ್ಲ, ಯುಎಸ್‌ಬಿ ಮತ್ತು ಆಕ್ಸ್ ಮಾತ್ರ. ಆಗ ಇಷ್ಟು ದುಡ್ಡು ಕೊಟ್ಟು ಸಿಡಿಯೂ ಇಲ್ವಾ ಅಂತ ಬೈದವರಿದ್ದರು, ಈಗ ಅದೇ ವರ ಆಗಿದೆ. ಇಂಥ ಸೆಟ್ಟಿಗೆ ಈಗಿನ ಆಂಡ್ರಾಯ್ಡ್ ಫೋನನ್ನೇ ಯುಎಸ್‌ಬಿ ವೈರಿನಲ್ಲಿ ಹಾಕಿದರೆ ಸಾಮಾನ್ಯವಾಗಿ ಚಾರ್ಜ್ ಆಗುತ್ತದೆಯೇ ಹೊರತು ಹಾಡು ಬರುವುದಿಲ್ಲ. ಹಳೇ ಆಂಡ್ರಾಯ್ಡ್ ಫೋನುಗಳು ಪೆನ್‌ಡ್ರೈವ್ ಥರ ಕಾಣಿಸಿಕೊಳ್ಳುತ್ತಿದ್ದವು. ಆಂಡ್ರಾಯ್ಡ್ 4ರ ಸುಮಾರಿಗೆ ಎಂಟಿಪಿ ಅನ್ನುವ ಬೇರೆ ಪದ್ಧತಿಗೆ ಹೋದವು, ಅದು ಹಳೇ ಸೆಟ್ಟುಗಳಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಫೋನಿಗೆ ಆಕ್ಸ್, ಯುಎಸ್‌ಬಿಗೆ ಪೆನ್‌ಡ್ರೈವ್.

ಪೆನ್‌ಡ್ರೈವ್ 32 ಜಿಬಿ ಒಳಗಿರಲಿ, ಕಂಪ್ಯೂಟರಿನಲ್ಲಿ ಫ್ಯಾಟ್32 ಅನ್ನುವ ಪದ್ಧತಿಗೆ ಫಾರ್ಮ್ಯಾಟ್ ಮಾಡಿ, ಎಂಪಿ3 ಮಾತ್ರ ಹಾಕಿ. ಫ್ಲ್ಯಾಕ್, ಎಂ4ಎ ಹಾಕಿದರೆ ಹೆಚ್ಚಿನವು ಓದುವುದಿಲ್ಲ. ಹಾಡಿನ ಹೆಸರು ಕನ್ನಡ ಅಕ್ಷರದಲ್ಲಿದ್ದರೆ ಪರದೆ ಮೇಲೆ ಬರೀ ಚೌಕಗಳು, ಪ್ರಶ್ನೆಚಿಹ್ನೆಗಳು ಬರುತ್ತವೆ. ಬೇಸರ ಆದರೂ ಫೈಲಿನ ಹೆಸರು, ಟ್ಯಾಗು ಎರಡನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಕು. ಇನ್ನೊಂದು ಕಿರಿಕಿರಿ: ಕೆಲವು ಸೆಟ್ಟುಗಳು ಹಾಡುಗಳನ್ನು ಅಕ್ಷರ ಕ್ರಮದಲ್ಲಿ ನುಡಿಸುವುದಿಲ್ಲ, ನೀವು ಯಾವ ಕ್ರಮದಲ್ಲಿ ಕಾಪಿ ಮಾಡಿದಿರೋ ಆ ಕ್ರಮದಲ್ಲಿ ನುಡಿಸುತ್ತವೆ. ಹರಿಕಥೆ, ನಾಟಕ, ಭಾಗ ಭಾಗವಾಗಿರುವ ಯಕ್ಷಗಾನ ಪ್ರಸಂಗ ಹಾಕಿಕೊಂಡವರಿಗೆ ಇದು ದೊಡ್ಡ ತಲೆನೋವು, ಒಡ್ಡೋಲಗಕ್ಕಿಂತ ಮೊದಲೇ ಮಂಗಳ ಬಂದುಬಿಡುತ್ತದೆ. ಪೆನ್‌ಡ್ರೈವ್ ಖಾಲಿ ಮಾಡಿ ಒಂದೊಂದಾಗಿ ಕ್ರಮವಾಗಿ ಕಾಪಿ ಮಾಡಿ, ಅಥವಾ ಪೆನ್‌ಡ್ರೈವಿನ ಫೈಲ್ ಪಟ್ಟಿಯನ್ನು ಕ್ರಮವಾಗಿ ಜೋಡಿಸಿಕೊಡುವ ಪುಟ್ಟ ಸಾಫ್ಟ್‌ವೇರ್ ಬಳಸಿ. ಸ್ಟ್ರೀಮಿಂಗ್ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ ಹಾಡು ಇಲ್ಲಿಗೆ ಬರುವುದಿಲ್ಲ, ಅದಕ್ಕೆ ಬೀಗ ಹಾಕಿರುತ್ತಾರೆ.

ಎಫ್‌ಎಂ ಟ್ರಾನ್ಸ್‌ಮಿಟರ್, ಬೇರೆ ಗತಿ ಇಲ್ಲದಿದ್ದರೆ

ಮುನ್ನೂರು ರೂಪಾಯಿಂದ ಸಾವಿರದವರೆಗೆ. ಸಿಗರೇಟ್ ಸಾಕೆಟ್ಟಿಗೆ ಚುಚ್ಚಬೇಕು, ಒಂದು ಖಾಲಿ ಫ್ರೀಕ್ವೆನ್ಸಿ ಆರಿಸಬೇಕು, ರೇಡಿಯೋದಲ್ಲೂ ಅದೇ ಇಡಬೇಕು. ಯಾವ ಕಾರಿಗಾದರೂ ನಡೆಯುತ್ತದೆ, ಅದೇ ಅದರ ಒಂದೇ ಒಂದು ಗುಣ. ತೊಂದರೆ ‘ಖಾಲಿ’ ಅನ್ನುವ ಮಾತಿನಲ್ಲಿದೆ. ಬೆಂಗಳೂರಿನಲ್ಲಿ 90.4ರಲ್ಲಿ ಸಮುದಾಯ ರೇಡಿಯೋ, 91.1, 91.9, 92.7, 93.5, 98.3, 104ರಲ್ಲಿ ಖಾಸಗಿಯವರು, 100.1ರಲ್ಲಿ ಅಮೃತವರ್ಷಿಣಿ, 101.3ರಲ್ಲಿ ಕಾಮನಬಿಲ್ಲು, 102.9ರಲ್ಲಿ ವಿವಿಧ ಭಾರತಿ. ಇಷ್ಟು ದೊಡ್ಡ ದನಿಗಳ ನಡುವೆ ಈ ಪುಟಾಣಿಗೆ ಜಾಗ ಹುಡುಕಬೇಕು. ನಂಬರ್ ಖಾಲಿ ಇದ್ದರೆ ಸಾಲದು, ಎರಡೂ ಪಕ್ಕದಲ್ಲೂ ಸ್ವಲ್ಪ ಖಾಲಿ ಇರಬೇಕು. ಊರೊಳಗೆ 87.5ರಿಂದ 89ರ ಸುತ್ತ ಮೊದಲು ನೋಡಿ.

ಊರು ಬಿಟ್ಟರೆ ಲೆಕ್ಕ ಮತ್ತೆ ಬದಲು. ಬೆಂಗಳೂರಿನಲ್ಲಿ 100.6ರ ಹತ್ತಿರ ಇಟ್ಟುಕೊಂಡು ಹೊರಟರೆ ಮಂಡ್ಯ ದಾಟುವಷ್ಟರಲ್ಲಿ ಮೈಸೂರು ಆಕಾಶವಾಣಿ ನಿಮ್ಮ ಹಾಡಿನ ಮೇಲೆ ಬಂದು ಕೂರುತ್ತದೆ. ಟ್ರಾಫಿಕ್ ಸಿಗ್ನಲ್ಲಿನಲ್ಲಿ ಪಕ್ಕದ ಕ್ಯಾಬಿನವರೂ ಅದೇ 87.5 ಇಟ್ಟಿದ್ದರಂತೂ ನಿಮ್ಮ ಭಾವಗೀತೆಯ ನಡುವೆ ಅವರ ಡಿಜೆ ರೀಮಿಕ್ಸ್! ಅಮೆರಿಕದಲ್ಲಿರುವವರಿಗೆ ಇನ್ನೊಂದು ಕಟ್ಟುಪಾಡು. ಅಲ್ಲಿ ಸ್ಟೇಷನ್ನುಗಳು 88.1, 88.3 ಹೀಗೆ ಬೆಸ ದಶಮಾಂಶದಲ್ಲೇ ಇರುವುದರಿಂದ ಅಲ್ಲಿನ ಎಷ್ಟೋ ಕಾರ್ ರೇಡಿಯೋಗಳು ನಡುವಿನ ನಂಬರಿಗೆ ಹೋಗುವುದೇ ಇಲ್ಲ.

ಇದನ್ನೇ ಬಳಸಬೇಕಾಗಿ ಬಂದರೆ ಒಂದು ಉಪಾಯ. ಕಾರಿನ ಆಂಟೆನಾ ಕಡ್ಡಿಯನ್ನು ತಿರುಗಿಸಿ ಬಿಚ್ಚಿ ಡಿಕ್ಕಿಯಲ್ಲಿಡಿ. ಹೊರಗಿನ ಸ್ಟೇಷನ್ನುಗಳು ದುರ್ಬಲವಾಗುತ್ತವೆ, ಒಳಗಿನ ಟ್ರಾನ್ಸ್‌ಮಿಟರ್ ಹತ್ತಿರವೇ ಇರುವುದರಿಂದ ಗೆಲ್ಲುತ್ತದೆ. ರೇಡಿಯೋ ಕೇಳಬೇಕೆನಿಸಿದಾಗ ಮತ್ತೆ ಹಾಕಿಕೊಂಡರಾಯಿತು. ಅಷ್ಟೆಲ್ಲ ಮಾಡಿದರೂ ಎಫ್‌ಎಂ ಅಂದರೆ 15 ಕಿಲೋಹರ್ಟ್ಸ್‌ಗೇ ಮಿತಿ, ಹಿಂದೆ ಒಂದು ಸಣ್ಣ ‘ಶ್ಶ್’ ಇದ್ದೇ ಇರುತ್ತದೆ. ಸುದ್ದಿ, ಪಾಡ್‌ಕಾಸ್ಟ್, ಮಾತುಕತೆಗೆ ಸಾಕು. ವೀಣೆಗೆ ಸಾಲದು.

ಇದರ ಅಣ್ಣ ಒಬ್ಬನಿದ್ದಾನೆ, ವೈರ್ಡ್ ಎಫ್‌ಎಂ ಮಾಡ್ಯುಲೇಟರ್. ಆಂಟೆನಾ ವೈರು ಮತ್ತು ಸೆಟ್ಟಿನ ನಡುವೆ ಕೂರುತ್ತದೆ, ಸ್ವಿಚ್ ಒತ್ತಿದರೆ ಹೊರಗಿನ ಆಂಟೆನಾವನ್ನೇ ಕಡಿದು ನಿಮ್ಮ ಹಾಡನ್ನು ಒಳಗೆ ಕಳಿಸುತ್ತದೆ. ಹುಡುಕುವುದು ಕಷ್ಟ, ಆದರೆ ಕ್ಯಾಸೆಟ್, ಆಕ್ಸ್, ಚೇಂಜರ್ ಮೂರೂ ಇಲ್ಲದ ಕಾರಿಗೆ ಟ್ರಾನ್ಸ್‌ಮಿಟರಿಗಿಂತ ಎಷ್ಟೋ ಮೇಲು. ಸೆಟ್ಟನ್ನೇ ಬಿಚ್ಚಿ ಒಳಗೆ ಆಕ್ಸ್ ವೈರು ಬೆಸುಗೆ ಹಾಕಿಸುವವರೂ ಇದ್ದಾರೆ. ಹಾಗೆ ಮಾಡಿದ ಎಷ್ಟೋ ಸೆಟ್ಟುಗಳಲ್ಲಿ ಏನೂ ದನಿಯಿಲ್ಲದ ಒಂದು ಸಿಡಿ ಬರೆದು ಅದನ್ನು ಓಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಸೆಟ್ ಆ ದಾರಿಯನ್ನು ಮ್ಯೂಟ್ ಮಾಡುತ್ತದೆ. ಸರ್ಕ್ಯೂಟ್ ಓದಲು ಬರುವವರ ಕೈಯಲ್ಲಿ ಮಾತ್ರ ಮಾಡಿಸಿ.

ಸೆಟ್ಟನ್ನೇ ಬದಲಿಸುವುದು

ನಿಮ್ಮ ಸೆಟ್ ಎಲ್ಲ ಕಡೆ ನಡೆಯುವ 180×50 ಎಂಎಂ ಸಿಂಗಲ್ ಡಿನ್ ಅಥವಾ 180×100ರ ಡಬಲ್ ಡಿನ್ ಅಳತೆಯದ್ದಾಗಿದ್ದು, ಅದರ ಮೇಲೆ ಅಂಥ ಮೋಹ ಇಲ್ಲದಿದ್ದರೆ ಇಷ್ಟೆಲ್ಲ ಒದ್ದಾಟ ಬೇಡ. ಬ್ಲೂಟೂತ್, ಯುಎಸ್‌ಬಿ ಇರುವ ಒಳ್ಳೇ ಬ್ರಾಂಡಿನ ಸಿಂಗಲ್ ಡಿನ್ ಸೆಟ್ ತೆಗೆದುಕೊಳ್ಳಿ. ಬೆಲೆಯಲ್ಲಿ ಅದು ಎಮ್ಯುಲೇಟರಿಗೆ ಹೆಚ್ಚುಕಮ್ಮಿ ಸಮವಾಗುತ್ತದೆ. ಆದರೆ ಸೆಟ್ ಹಾಕಿಸಲು ಬೆಂಗಳೂರಿನ ಜೆಸಿ ರೋಡಿಗೆ ಹೋದಾಗ ಒಂದು ಮಾತು ಮೊದಲೇ ಹೇಳಿ: ಕಂಪನಿ ವೈರು ಕತ್ತರಿಸಬಾರದು, ಕಪ್ಲರ್ ಹಾಕಿಯೇ ಜೋಡಿಸಬೇಕು. ಹೇಳದಿದ್ದರೆ ಕೆಲವರು ಕಟಿಂಗ್ ಪ್ಲೇಯರ್ ತೆಗೆದು ಕಚಕ್ ಅನ್ನಿಸಿ ಇನ್ಸುಲೇಷನ್ ಟೇಪ್ ಸುತ್ತಿಬಿಡುತ್ತಾರೆ. ಬಿಸಿಲಿಗೆ ಆ ಟೇಪಿನ ಅಂಟು ಕರಗಿ, ವರ್ಷ ಕಳೆಯುವಷ್ಟರಲ್ಲಿ ಒಂದು ಸ್ಪೀಕರ್ ಆಗಾಗ ನಿಲ್ಲುತ್ತದೆ, ಇಲ್ಲವೇ ಫ್ಯೂಸ್ ಹಾರುತ್ತದೆ.

ಫೋಕ್ಸ್‌ವ್ಯಾಗನ್, ಸ್ಕೋಡಾ ಇಟ್ಟುಕೊಂಡವರಿಗೆ ಎರಡು ವಿಷಯ ಹೆಚ್ಚುವರಿ. ಇವುಗಳ ಹಳೇ ಮಾದರಿಗಳಲ್ಲಿ ಸದಾ ಕರೆಂಟ್ ಇರುವ ಪಿನ್ನೂ ಕೀಲಿ ತಿರುಗಿಸಿದಾಗ ಬರುವ ಪಿನ್ನೂ ಮಾಮೂಲಿ ಸೆಟ್ಟುಗಳ ಲೆಕ್ಕಕ್ಕೆ ಅದಲುಬದಲಾಗಿರುವುದು ಸಾಮಾನ್ಯ. ಹಾಗೇ ಜೋಡಿಸಿದರೆ ಪ್ರತಿ ಸಲ ಕಾರು ಆಫ್ ಮಾಡಿದಾಗಲೂ ಸ್ಟೇಷನ್ನು, ಗಡಿಯಾರ, ಬ್ಲೂಟೂತ್ ಜೋಡಣೆ ಎಲ್ಲ ಮರೆತುಹೋಗುತ್ತದೆ. ಕೆಂಪು ಮತ್ತು ಹಳದಿ ವೈರು ಅದಲು ಮಾಡಿದರೆ ಸರಿ. ಹೊಸ ಸೆಟ್ ಹಾಕಿದ ಮೇಲೆ ಎಫ್‌ಎಂ ಇದ್ದಕ್ಕಿದ್ದಂತೆ ಕೆಟ್ಟಿತು ಅಂದರೆ ಆಂಟೆನಾದ ಬೂಸ್ಟರಿಗೆ 12 ವೋಲ್ಟ್ ಹೋಗುತ್ತಿಲ್ಲ ಅಂತ. ಅದಕ್ಕೂ ಒಂದು ಪುಟ್ಟ ಅಡಾಪ್ಟರ್ ಸಿಗುತ್ತದೆ, ಕೇಳಿ ಹಾಕಿಸಿ.

ದುಡ್ಡು ಹಾಕುವ ಮೊದಲು ಬಾಗಿಲಿನ ಸ್ಪೀಕರುಗಳನ್ನೂ ಪರೀಕ್ಷಿಸಿ. ಹದಿನೈದು ಬೇಸಿಗೆ ಕಂಡ ಪೇಪರ್ ಕೋನ್ ಅಂಚಿನಲ್ಲಿ ಹರಿದಿರುತ್ತದೆ. ವಾಲ್ಯೂಮ್ ಏರಿಸಿ ಬೇಸ್ ಇರುವ ಹಾಡು ಹಾಕಿದಾಗ ಬರಬರ ಅಂದರೆ ಮೇಲೆ ಹೇಳಿದ ಯಾವ ದಾರಿಯಿಂದಲೂ ಪ್ರಯೋಜನ ಇಲ್ಲ, ಮೊದಲು ಮುಂದಿನ ಎರಡು ಸ್ಪೀಕರ್ ಬದಲಿಸಿ. ಇನ್ನು ಫೋನಿಗೆ ಒಂದು ಗಟ್ಟಿ ಹೋಲ್ಡರ್ ಇರಲಿ, ವೈರು ಗೇರ್ ಲಿವರಿಗೆ ಸುತ್ತಿಕೊಳ್ಳದ ಹಾಗೆ ಬದಿಯಿಂದ ಬರಲಿ. ಓಡಿಸುವಾಗ ಫೋನ್ ಕೈಯಲ್ಲಿ ಹಿಡಿಯುವುದನ್ನು 2019ರ ತಿದ್ದುಪಡಿ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್ ಕೆಳಗೆ ಅಪಾಯಕಾರಿ ಚಾಲನೆಯ ಲೆಕ್ಕಕ್ಕೆ ಸೇರಿಸಿದೆ, ಹಾಡು ಬದಲಿಸುತ್ತಿದ್ದೆ ಅಂದರೆ ಪೊಲೀಸರು ಬಿಡುವುದಿಲ್ಲ.

ಸೆಟ್ ಬದಲಿಸಿದರೆ ಹಳೇದನ್ನು ಅಂಗಡಿಯವರಿಗೆ ಬಿಟ್ಟುಕೊಡಬೇಡಿ. ‘ಇದಕ್ಕೆ ಇನ್ನೂರು ಕೊಡ್ತೀನಿ ಸಾರ್’ ಅಂತಾರೆ. ಬೇಡ ಅನ್ನಿ. ಕೋಡ್ ಬರೆದ ಚೀಟಿ ಅದಕ್ಕೇ ಅಂಟಿಸಿ, ತೆಗೆದ ಸ್ಕ್ರೂ, ಫ್ರೇಮು ಎಲ್ಲ ಒಂದೇ ಡಬ್ಬಿಯಲ್ಲಿ ಹಾಕಿಡಿ. ಹಳೇ ಆಕ್ಟೇವಿಯಾ, ಅಕಾರ್ಡ್ ಹುಡುಕಿಕೊಂಡು ಬಂದು ಕೊಳ್ಳುವವರು ಕಂಪನಿ ಸೆಟ್ ಎಲ್ಲಿ ಅಂತ ಕೇಳೇ ಕೇಳುತ್ತಾರೆ.